ಹೆಸರು ಹಳೆಯದು, ರುಚಿ ಹೊಸದು: ಕನ್ನಡ ಪಾಕಗ್ರಂಥಗಳು ಮತ್ತು ಮನೆಯಡುಗೆಯ ಚರಿತ್ರೆ

೧

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಪಾಕಶಾಸ್ತ್ರದ ಗ್ರಂಥಗಳಿಗೆ ದೊರೆತಿರುವ ಸ್ಥಳ ಬಹಳ ಸಣ್ಣದು. ಗಣಿತ, ಜ್ಯೋತಿಷ, ವೈದ್ಯ, ಅಶ್ವಶಾಸ್ತ್ರಗಳ ಸಾಲಿನಲ್ಲಿ ‘ಸೂಪಶಾಸ್ತ್ರ’ವೆಂಬ ಹೆಸರೂ ಬರುತ್ತದೆ, ಕವಿಯ ಕಾಲ, ಛಂದಸ್ಸು, ಅಧ್ಯಾಯಗಳ ಸಂಖ್ಯೆಗಳನ್ನು ಹೇಳಿ ಚರಿತ್ರಕಾರರು ಮುಂದಿನ ಕೃತಿಗೆ ಸಾಗುತ್ತಾರೆ. ಕಾವ್ಯಗುಣವನ್ನೇ ಅಳತೆಗೋಲಾಗಿ ಹಿಡಿದವರಿಗೆ ಇದು ಸಹಜವೇ. ಆದರೆ ಜನರ ನಿತ್ಯಜೀವನದ ಚರಿತ್ರೆಯನ್ನು ಬರೆಯ ಹೊರಟವರಿಗೆ ಇಂಥ ಗ್ರಂಥಗಳಷ್ಟು ನೇರವಾದ ಆಕರಗಳು ವಿರಳ. ಶಾಸನಗಳು ದತ್ತಿಯ ಅಕ್ಕಿ, ತುಪ್ಪಗಳ ಅಳತೆಯನ್ನು ಹೇಳಬಲ್ಲವು. ಆ ಅಕ್ಕಿ ತುಪ್ಪಗಳನ್ನು ಒಲೆಯ ಮೇಲೆ ಏನು ಮಾಡಿದರೆಂಬುದನ್ನು ಹೇಳುವುದು ಪಾಕಗ್ರಂಥವೇ.

ಈ ಆಕರಗಳನ್ನು ಬಳಸುವಲ್ಲಿ ಒಂದು ತೊಡಕಿದೆ. ಹಳೆಯ ಗ್ರಂಥದಲ್ಲಿ ಪರಿಚಿತವಾದ ತಿಂಡಿಯ ಹೆಸರೊಂದು ಕಂಡಕೂಡಲೇ ಇಂದಿನ ತಿಂಡಿಯೇ ಅಂದೂ ಇತ್ತೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಇದರಿಂದ ಎರಡು ಬಗೆಯ ಹಾನಿಯಾಗಿದೆ. ಮೊದಲನೆಯದಾಗಿ, ಅಡುಗೆಯ ಚರಿತ್ರೆಯೆಂಬುದು ‘ನಮ್ಮ ತಿಂಡಿ ಎಷ್ಟು ಪ್ರಾಚೀನ’ ಎಂಬ ಹೆಮ್ಮೆಯ ಪಟ್ಟಿಯಾಗಿ ಉಳಿದಿದೆ. ಎರಡನೆಯದಾಗಿ, ಮನೆಯಲ್ಲಿ ಯಾರಾದರೂ ಹಳೆಯ ಅಡುಗೆಗೆ ಹೊಸ ಪದಾರ್ಥವನ್ನು ಕೂಡಿಸಿದರೆ ಅದು ಸಂಪ್ರದಾಯದಿಂದ ಜಾರಿದುದೆಂಬ ತೀರ್ಪು ಸಿದ್ಧವಾಗಿರುತ್ತದೆ. ಕರ್ನಾಟಕದ ಹೊರಗೆ ನೆಲೆಸಿದ ಕನ್ನಡ ಕುಟುಂಬಗಳ ಮಟ್ಟಿಗೆ ಈ ಎರಡನೆಯ ತೀರ್ಪು ಹೆಚ್ಚು ಕಠಿಣವಾಗಿದೆ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಕನ್ನಡ ಮನೆಗಳಲ್ಲಿ ಸಿಕ್ಕಿದ ಪದಾರ್ಥದಿಂದ ಮಾಡಿದ ಅಡುಗೆಯನ್ನು ‘ಬೆರಕೆ’ ಎಂದು ಬದಿಗಿಟ್ಟು, ಊರಿನ ಅಡುಗೆಯನ್ನು ಮಾತ್ರ ಅಧ್ಯಯನಯೋಗ್ಯವೆಂದು ಎಣಿಸಲಾಗುತ್ತದೆ.

ಪಾಕಗ್ರಂಥಗಳನ್ನು ಎಚ್ಚರದಿಂದ ಓದಿದರೆ ಈ ತೀರ್ಪಿಗೆ ಆಧಾರ ದೊರೆಯುವುದಿಲ್ಲವೆಂಬುದೇ ಪ್ರಸ್ತುತ ಲೇಖನದ ವಾದ. ಕನ್ನಡದ ಅಡುಗೆಯಲ್ಲಿ ಹಲವು ಸಲ ಸ್ಥಿರವಾಗಿ ಉಳಿದುದು ಹೆಸರು. ಪದಾರ್ಥವೂ ವಿಧಾನವೂ ಕಾಲಕಾಲಕ್ಕೆ ಬದಲಾಗಿವೆ. ಹೊಸರುಚಿ ಎಂಬುದು ಸಂಪ್ರದಾಯದ ಹೊರಗಿನ ಮಾತಲ್ಲ, ಅದು ನಡೆದುಬಂದ ಬಗೆಯೇ ಆಗಿದೆ.

೨

ಮೊದಲು ಆಕರಗಳನ್ನು ಸ್ಥೂಲವಾಗಿ ಗುರುತಿಸಬಹುದು. ಕನ್ನಡದಲ್ಲಿ ಪಾಕಶಾಸ್ತ್ರವನ್ನು ಒಳಗೊಂಡ ಹಳೆಯ ಗ್ರಂಥ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಇದರ ಕಾಲ ಸುಮಾರು ಕ್ರಿ.ಶ. 1025. ಈತ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು. ಗೊಮ್ಮಟನನ್ನು ಕಡೆಯಿಸಿದ ಹಿಂದಿನ ಶತಮಾನದ ಚಾವುಂಡರಾಯನಿಂದ ಬೇರೆಯವನು. ಜಲಶೋಧನೆ, ವಾಸ್ತು, ವೃಕ್ಷಾಯುರ್ವೇದ, ಗಂಧಯುಕ್ತಿ, ವಿಷವೈದ್ಯ, ಪಶುವೈದ್ಯಗಳ ಜೊತೆಯಲ್ಲಿ ಸೂಪಶಾಸ್ತ್ರಕ್ಕೂ ಇಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ಗೃಹಸ್ಥನೊಬ್ಬನಿಗೆ ತಿಳಿದಿರಬೇಕಾದ ಉಪಯುಕ್ತ ವಿಷಯಗಳ ಸಂಗ್ರಹವಾದುದರಿಂದ ಇದರ ದೃಷ್ಟಿ ಮನೆಯ ಕಡೆಗಿದೆ.

ಇದಕ್ಕೆ ಸುಮಾರು ಒಂದು ಶತಮಾನದ ತರುವಾಯ, 1130ರ ಸುಮಾರಿನಲ್ಲಿ, ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ಪ್ರಕಟವಾದ ಈ ಗ್ರಂಥದ ‘ಅನ್ನಭೋಗ’ ಪ್ರಕರಣ ಅರಮನೆಯ ಅಡುಗೆಯನ್ನು ಹೇಳುತ್ತದೆ. ಇಲ್ಲಿ ಮಾಂಸಾಹಾರಕ್ಕೂ ವಿಸ್ತಾರವಾದ ಸ್ಥಾನವಿದೆ. ಲೋಕೋಪಕಾರವನ್ನೂ ಇದನ್ನೂ ಒಟ್ಟಿಗೆ ಓದಿದಾಗ, ಒಂದೇ ನಾಡಿನ ಮನೆಯ ಒಲೆ ಮತ್ತು ಅರಮನೆಯ ಒಲೆಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ.

ಮೂರನೆಯದು ಮುಮ್ಮಡಿ ಮಂಗರಸನ ‘ಸೂಪಶಾಸ್ತ್ರ’. ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’ ಮೊದಲಾದ ಕೃತಿಗಳನ್ನು ಬರೆದ ಈ ಜೈನಕವಿ ಕಲ್ಲಹಳ್ಳಿಯ ಅರಸುಮನೆತನದವನು. ಕಾಲ ಹದಿನಾರನೆಯ ಶತಮಾನದ ಆರಂಭ. ವಾರ್ಧಕ ಷಟ್ಪದಿಯಲ್ಲಿರುವ ಈ ಗ್ರಂಥ ಸಂಪೂರ್ಣವಾಗಿ ಶಾಕಾಹಾರಕ್ಕೆ ಮೀಸಲಾದುದು. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ, ಕಳಲೆ, ನೆಲ್ಲಿ ಮೊದಲಾದುವುಗಳ ಪಾಕಗಳು ಇದರಲ್ಲಿ ಬಂದಿವೆ. ಹದಿನೆಂಟನೆಯ ಶತಮಾನದ ಹೊಸ್ತಿಲಲ್ಲಿ ಕೆಳದಿಯ ಬಸವಪ್ಪನಾಯಕನು ರಚಿಸಿದ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕವಿಷಯ ಬರುತ್ತದೆ.

ಈ ಗ್ರಂಥಕರ್ತರೆಲ್ಲರೂ ಪುರುಷರು. ಅರಸರು, ಪಾಳೆಯಗಾರರು, ಆಸ್ಥಾನದವರು. ನಿತ್ಯವೂ ಅಡುಗೆ ಮಾಡಿದವರು ಬಹುಮಟ್ಟಿಗೆ ಬರೆಯದೆ ಉಳಿದ ಹೆಂಗಸರು. ಆದ್ದರಿಂದ ಗ್ರಂಥದಲ್ಲಿ ಕಾಣುವುದು ಮನೆಯಡುಗೆಯ ಒಂದು ಆಯ್ಕೆ ಮಾತ್ರ ಎಂಬುದನ್ನು ಮರೆಯಲಾಗದು.

೩

ಹೆಸರು ಉಳಿದು ವಸ್ತು ಬದಲಾದುದಕ್ಕೆ ‘ಇಡ್ಲಿ’ ಪ್ರಸಿದ್ಧವಾದ ನಿದರ್ಶನ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಶಬ್ದ ಭಕ್ಷ್ಯಗಳ ಸಾಲಿನಲ್ಲಿ ಬರುತ್ತದೆ. ಮಾಡುವ ಕ್ರಮ ಅಲ್ಲಿಲ್ಲ. ಕ್ರಮವನ್ನು ಹೇಳುವವನು ಚಾವುಂಡರಾಯ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನೂ ಕೂಡಿಸುವುದು ಅವನ ಪಾಕ. ಮಾನಸೋಲ್ಲಾಸದ ‘ಇಡ್ಡರಿಕಾ’ ಕೂಡ ಉದ್ದಿನ ಹಿಟ್ಟಿನದೇ. ಅದಕ್ಕೂ ಮೆಣಸು, ಜೀರಿಗೆ, ಇಂಗುಗಳ ಒಗ್ಗರಣೆಯಿದೆ. ಇವೆರಡರಲ್ಲಿಯೂ ಅಕ್ಕಿಯಿಲ್ಲ. ಒಂದು ಪಾಲು ಉದ್ದಿಗೆ ಎರಡು ಮೂರು ಪಾಲು ಅಕ್ಕಿಯನ್ನು ಕೂಡಿಸಿ, ರಾತ್ರಿಯೆಲ್ಲ ಹುಳಿಯಲು ಬಿಟ್ಟು, ಹಬೆಯಲ್ಲಿ ಬೇಯಿಸುವ ಇಂದಿನ ಇಡ್ಲಿಯ ಮೂರು ಮುಖ್ಯ ಲಕ್ಷಣಗಳನ್ನು ಈ ವಿವರಣೆಗಳು ಹೇಳುವುದಿಲ್ಲ.

ಕೆ. ಟಿ. ಅಚ್ಚಯ್ಯನವರು 1994ರ ತಮ್ಮ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ ಗ್ರಂಥದಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿ, ಹುಳಿಸಿ ಹಬೆಯಲ್ಲಿ ಬೇಯಿಸುವ ಕಲೆ ಇಂಡೋನೇಷ್ಯದ ಕಡೆಯಿಂದ ಬಂದಿರಬಹುದೆಂಬ ಊಹೆಯನ್ನು ಮುಂದಿಟ್ಟರು. ಈ ಊಹೆ ಬಹಳ ಚರ್ಚೆಗೆ ಒಳಗಾಗಿದೆ. ಅದರಲ್ಲಿ ಎರಡು ಭಾಗಗಳಿವೆಯೆಂಬುದನ್ನು ಬೇರ್ಪಡಿಸಿ ನೋಡಬೇಕು. ಹಳೆಯ ಪಾಕದಲ್ಲಿ ಅಕ್ಕಿ ಹೇಳಿಲ್ಲವೆಂಬುದು ಗ್ರಂಥಾಧಾರವಿರುವ ಮಾತು. ಹಬೆಯ ವಿಧಾನ ಹೊರಗಿನಿಂದಲೇ ಬರಬೇಕಾಗಿತ್ತೆಂಬುದು ಮೌನದಿಂದ ಎಳೆದ ನಿರ್ಣಯ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಇಲ್ಲವೆ ಹಲಸಿನೆಲೆಯ ಕೊಟ್ಟೆಯಲ್ಲಿ ಹಿಟ್ಟನ್ನು ಹೊಯ್ದು ಬೇಯಿಸುವುದಕ್ಕೆ ವಿಶೇಷವಾದ ಉಪಕರಣವೇನೂ ಬೇಡ. ಕರಾವಳಿಯ ಕೊಟ್ಟೆಕಡುಬು ಇಂದಿಗೂ ಹಾಗೆಯೇ ಆಗುತ್ತದೆ. ಇಂಥ ಸಾಮಾನ್ಯ ವಿಧಾನವನ್ನು ಆಸ್ಥಾನದ ಗ್ರಂಥಕರ್ತನು ಬರೆಯದಿದ್ದರೆ ಅದು ಇರಲಿಲ್ಲವೆಂದು ಸಿದ್ಧವಾಗುವುದಿಲ್ಲ. ಆದರೆ ಇಷ್ಟು ಮಾತ್ರ ನಿಶ್ಚಿತ: ಚಾವುಂಡರಾಯನ ಇಡ್ಡಲಿಗೆ ಮತ್ತು ನಮ್ಮ ಇಡ್ಲಿ ಒಂದೇ ಹೆಸರಿನ ಎರಡು ತಿಂಡಿಗಳು.

‘ದೋಸೆ’ಯ ಕಥೆಯೂ ಇದಕ್ಕೆ ಸಮೀಪದ್ದು. ಮಾನಸೋಲ್ಲಾಸದ ‘ಧೋಸಕ’ ಬೇಳೆಯ ಹಿಟ್ಟಿನದು. ಅಕ್ಕಿ ಕೂಡಿ ತೆಳ್ಳಗಾದುದು ಒಂದು ಹಂತ. ಹೊಟ್ಟೆಯಲ್ಲಿ ಆಲೂಗಡ್ಡೆಯ ಪಲ್ಯವನ್ನು ತುಂಬಿಕೊಂಡು ಮಸಾಲೆದೋಸೆಯಾದುದು ಇನ್ನೂ ಈಚಿನ ಹಂತ. ದಕ್ಷಿಣ ಅಮೆರಿಕದ ಮೂಲದ ಆಲೂಗಡ್ಡೆ ಇಲ್ಲಿ ಮನೆಮಾತಾದುದು ಬ್ರಿಟಿಷರ ಕಾಲದಲ್ಲಾದುದರಿಂದ ಮಸಾಲೆದೋಸೆಗೆ ಅದಕ್ಕಿಂತ ಹೆಚ್ಚಿನ ವಯಸ್ಸನ್ನು ಹೇಳಲು ಬರುವುದಿಲ್ಲ.

ಕೆಲವೊಮ್ಮೆ ಬದಲಾವಣೆಯ ಸಾಕ್ಷಿ ಹೆಸರಿನಲ್ಲೇ ಅಡಗಿರುತ್ತದೆ. ‘ಉಪ್ಪಿಟ್ಟು’ ಎಂಬುದು ಉಪ್ಪು ಮತ್ತು ಹಿಟ್ಟು ಎಂಬೆರಡು ಶಬ್ದಗಳ ಸಮಾಸ. ಇಂದು ಅದು ಗೋಧಿರವೆಯಿಂದ ಆಗುತ್ತದೆ. ಹಿಟ್ಟಿನ ನೆನಪು ಹೆಸರಿನಲ್ಲಿ ಮಾತ್ರ ಉಳಿದಿದೆ. ‘ಎಣ್ಣೆ’ ಎಂಬ ಶಬ್ದ ಎಳ್ಳು ಮತ್ತು ನೆಯ್ ಎಂಬ ಮೂಲಗಳಿಂದ ಆದುದು. ಒಂದು ಕಾಲಕ್ಕೆ ಎಳ್ಳಿನದಕ್ಕೆ ಮಾತ್ರ ಸಲ್ಲುತ್ತಿದ್ದ ಹೆಸರು ಕಡಲೆಕಾಯಿ, ಕೊಬ್ಬರಿ, ಸೂರ್ಯಕಾಂತಿಗಳಿಗೆಲ್ಲ ಹಬ್ಬಿತು. ಈಗ ನಾವು ‘ಎಳ್ಳೆಣ್ಣೆ’ ಎಂದು ಎಳ್ಳನ್ನು ಮತ್ತೊಮ್ಮೆ ಸೇರಿಸಿ ಹೇಳಬೇಕಾಗಿದೆ.

೪

ಎರಡನೆಯ ಬಗೆ ಇದಕ್ಕೆ ವಿಲೋಮವಾದುದು. ಇಲ್ಲಿ ವಸ್ತು ಹೊಸದು. ಅದನ್ನು ಒಳಗೆ ಕರೆದುಕೊಳ್ಳಲು ಹಳೆಯ ಹೆಸರನ್ನೇ ಸ್ವಲ್ಪ ತಿದ್ದಿ ಕೊಡಲಾಗುತ್ತದೆ. ಇದಕ್ಕೆ ಮುಖ್ಯ ಉದಾಹರಣೆ ಮೆಣಸಿನಕಾಯಿ.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸನ ಯಾನ 1492ರಲ್ಲಿ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದುದು 1498ರಲ್ಲಿ. ಗೋವೆ ಪೋರ್ಚುಗೀಸರ ವಶವಾದುದು 1510ರಲ್ಲಿ. ಮಂಗರಸನು ಸೂಪಶಾಸ್ತ್ರವನ್ನು ರಚಿಸಿದುದು ಈ ಘಟನೆಗಳ ಆಸುಪಾಸಿನಲ್ಲಿಯೇ. ಅವನ ಅಡುಗೆಯ ಖಾರ ಮೆಣಸಿನದು, ಎಂದರೆ ಇಂದು ನಾವು ಕಾಳುಮೆಣಸು, ಒಳ್ಳೆಮೆಣಸು ಎಂದು ಕರೆಯುವುದು. ಮೆಣಸು, ಇಂಗು, ಏಲಕ್ಕಿ, ಕರ್ಪೂರಗಳ ಪರಿಮಳವೇ ಅವನ ರುಚಿಯ ಪ್ರಪಂಚ. ಈ ದೃಷ್ಟಿಯಿಂದ ಸೂಪಶಾಸ್ತ್ರಕ್ಕೆ ಸಾಹಿತ್ಯ ಚರಿತ್ರೆಗಳು ಕೊಡದ ಒಂದು ಮಹತ್ತ್ವವಿದೆ. ಹೊಸ ಖಂಡದ ಪದಾರ್ಥಗಳು ನಮ್ಮ ಅಡುಗೆಮನೆಯನ್ನು ಹೊಗುವ ಮುನ್ನ ಕನ್ನಡದ ಶಾಕಾಹಾರ ಹೇಗಿತ್ತೆಂಬುದನ್ನು ಅದು ಸಮಗ್ರವಾಗಿ ದಾಖಲಿಸಿದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ ಇವೊಂದೂ ಇಲ್ಲದೆ ನೂರಾರು ಬಗೆಯ ರುಚಿಗಳು ಸಾಧ್ಯವಾಗಿದ್ದುವೆಂಬುದಕ್ಕೆ ಅದೇ ಪ್ರಮಾಣ.

ಹೊಸ ಖಾರಕ್ಕೆ ಕನ್ನಡವು ಹೊಸ ಶಬ್ದವನ್ನು ಕಟ್ಟಲಿಲ್ಲ. ಮೆಣಸಿನ ಗುಣವುಳ್ಳ ಕಾಯಿ ಮೆಣಸಿನಕಾಯಿಯಾಯಿತು. ಈ ಕ್ರಮ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳಿನ ‘ಮಿಳಗು’ವಿನಿಂದ ‘ಮಿಳಗಾಯ್’, ತೆಲುಗಿನ ‘ಮಿರಿಯಾಲು’ವಿನ ಜೊತೆಗೆ ‘ಮಿರಪಕಾಯ’, ಮರಾಠಿಯ ‘ಮಿರೆ’ಯ ಜೊತೆಗೆ ‘ಮಿರಚಿ’ ಎಂಬ ರೂಪಗಳು ಅದೇ ದಾರಿಯಲ್ಲಿ ನಡೆದಿವೆ. ನಾಲ್ಕು ಭಾಷೆಗಳೂ ಒಂದೇ ಯುಕ್ತಿಯನ್ನು ಬಳಸಿರುವುದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು. ಪರಿಣಾಮವಾಗಿ ಹೊಸ ಅತಿಥಿಯೇ ಮನೆಯ ಯಜಮಾನನಾಗಿ, ಹಳೆಯ ಮೆಣಸಿಗೆ ‘ಕಾಳು’, ‘ಕರಿ’, ‘ಒಳ್ಳೆ’ ಎಂಬ ವಿಶೇಷಣಗಳು ಬೇಕಾದುವು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸಾಗರವನ್ನು ದಾಟಿ ಬಂದ ಗಿಡವೊಂದು ಕನ್ನಡ ನೆಲದ ಗುರುತಾಗಿ ನಿಂತಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಸಾಲಿನಲ್ಲಿ ಇನ್ನೂ ಹಲವು ಶಬ್ದಗಳಿವೆ. ಅಮೆರಿಕದ ಧಾನ್ಯವು ಇಲ್ಲಿಯ ಜೋಳದ ಹೆಸರನ್ನು ಪಡೆದು ಮುಸುಕಿನಜೋಳ, ಗೋವಿನಜೋಳ, ಮೆಕ್ಕೆಜೋಳವಾಯಿತು. ತೆಲುಗಿನ ‘ಮೊಕ್ಕಜೊನ್ನ’, ತಮಿಳಿನ ‘ಮಕ್ಕಾಚ್ಚೋಳಮ್’ ಅದಕ್ಕೆ ಸಂವಾದಿಗಳು. ಕಡಲೆಯ ಹೆಸರನ್ನು ನೆಲದಡಿಯ ಹೊಸ ಬೀಜ ಪಡೆದು ಕಡಲೆಕಾಯಿ, ನೆಲಗಡಲೆಯಾಯಿತು. ಪರಂಗಿಯವರ ಮೂಲಕ ಬಂದ ಹಣ್ಣು ಪರಂಗಿಹಣ್ಣೆನಿಸಿತು. ‘ಸೀಮೆ’ ಎಂಬ ವಿಶೇಷಣ ಸೀಮೆಬದನೆಯಂಥ ಶಬ್ದಗಳಲ್ಲಿ ಹೊರಗಿನಿಂದ ಬಂದುದನ್ನು ಸೂಚಿಸುತ್ತದೆ. ಕರಾವಳಿಯಲ್ಲಿ ‘ಬಟಾಟೆ’, ಒಳನಾಡಿನಲ್ಲಿ ‘ಆಲೂಗಡ್ಡೆ’ ಎಂಬ ವ್ಯತ್ಯಾಸವು ಒಂದೇ ಗಡ್ಡೆಯ ಹೆಸರು ಬಂದ ಎರಡು ದಾರಿಗಳನ್ನು, ಒಂದು ಪೋರ್ಚುಗೀಸರ ಕಡೆಯದು, ಮತ್ತೊಂದು ಉತ್ತರದ್ದು, ನಮಗೆ ತೋರಿಸಿಕೊಡುತ್ತದೆ.

ಇಲ್ಲಿ ಆಕರಪರಿಶೀಲನೆಯ ಒಂದು ಪ್ರಶ್ನೆಯೂ ಏಳುತ್ತದೆ. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯನ್ನು ಕುರಿತ ರಚನೆಯೊಂದು ಪ್ರಚಲಿತವಾಗಿದ್ದು, ಅಚ್ಚಯ್ಯನವರೂ ಅದನ್ನು ಬಳಸಿಕೊಂಡಿದ್ದಾರೆ. ದಾಸರು 1564ರಲ್ಲಿ ಕಾಲವಾದರೆಂಬ ಸಂಪ್ರದಾಯವನ್ನು ಒಪ್ಪಿದರೆ, ಗಿಡವು ಅರ್ಧ ಶತಮಾನದೊಳಗೆ ಒಳನಾಡಿನ ಹಾಡಿಗೆ ವಸ್ತುವಾಯಿತೆಂದಾಗುತ್ತದೆ. ಇದು ಅಸಂಭವವೇನಲ್ಲ. ಆದರೆ ಕೀರ್ತನೆಗಳು ಬಾಯಿಂದ ಬಾಯಿಗೆ ಸಾಗಿ, ಬಹುಕಾಲದ ಮೇಲೆ ಸಂಗ್ರಹಗೊಂಡವು. ಅಂಕಿತವೊಂದರಿಂದಲೇ ಕಾಲನಿರ್ಣಯ ಸಾಧ್ಯವಿಲ್ಲ. ಕೀರ್ತನೆಯಿಂದ ಗಿಡದ ಕಾಲವನ್ನು ಹೇಳುವ ಬದಲು, ಗಿಡದ ಚರಿತ್ರೆಯನ್ನು ಹಿಡಿದು ಕೀರ್ತನೆಯನ್ನು ಪರೀಕ್ಷಿಸುವುದು ಹೆಚ್ಚು ಸುರಕ್ಷಿತವಾದ ಕ್ರಮ.

೫

ಹೊಸತನ್ನು ಸ್ವೀಕರಿಸಿದ ಅಡುಗೆಮನೆಯೇ ಹಳೆಯದನ್ನು ಬೇರೊಂದು ಮೂಲೆಯಲ್ಲಿ ಕಾಪಾಡಿಕೊಂಡಿದೆ. ಅನೇಕ ಬ್ರಾಹ್ಮಣ ಕುಟುಂಬಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕೋಸುಗಳು ಒಲೆಯ ಬಳಿಗೆ ಬರುವುದಿಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಹುಣಸೆ ಅಥವಾ ಮಾವು, ತರಕಾರಿಗೆ ಬಾಳೆಕಾಯಿ, ಹಾಗಲ, ಗೆಣಸು ಮೊದಲಾದುವು. ಇದಕ್ಕೆ ಶಾಸ್ತ್ರದ ಕಾರಣಗಳನ್ನು ಹೇಳುವುದುಂಟು. ಚರಿತ್ರಕಾರನಿಗೆ ಕಾಣುವುದು ಕಾಲದ ಒಂದು ಪದರ. ವರ್ಷದ ಮುನ್ನೂರು ದಿನ ಹೊಸ ಪದಾರ್ಥಗಳನ್ನು ಬಳಸುವ ಮನೆ, ಪಿತೃಗಳಿಗೆ ಮಾತ್ರ ಅವರು ತಿಂದ ಅಡುಗೆಯನ್ನೇ ಬಡಿಸುತ್ತದೆ. ಮಂಗರಸನ ಕಾಲದ ರುಚಿಯನ್ನು ಊಹಿಸಬೇಕಾದರೆ ಗ್ರಂಥದ ಜೊತೆಗೆ ಈ ಎಲೆಯನ್ನೂ ನೋಡಬೇಕು.

ದಿನನಿತ್ಯದ ಮೆಣಸಿನ ಸಾರು ಇಂಥದೇ ಇನ್ನೊಂದು ಉಳಿಕೆ. ಮೆಣಸು ಜೀರಿಗೆಗಳನ್ನು ತರಿತರಿಯಾಗಿ ಕುಟ್ಟಿ, ಹುಣಸೆಯ ತಿಳಿರಸದಲ್ಲಿ ಕುದಿಸಿ, ತುಪ್ಪದಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ನೆಗಡಿಯಾದಾಗ ಮನೆಮನೆಯಲ್ಲಿ ಆಗುವ ಈ ಸುಲಭವಾದ ಸಾರಿನಲ್ಲಿ ಅಮೆರಿಕದ ಪದಾರ್ಥ ಒಂದೂ ಇಲ್ಲ. ಇದಕ್ಕೆ ಒಂದು ಟೊಮೆಟೊ ಹಿಚುಕಿ ಹಾಕಿದ ಗೃಹಿಣಿ ಹುಣಸೆಯ ಕೆಲಸವನ್ನು ಅರ್ಧ ಕಡಮೆ ಮಾಡಿದಳು. ಸಾರು ಎಂಬ ಹೆಸರನ್ನು ಬದಲಾಯಿಸಲಿಲ್ಲ. ತೆಲುಗಿನ ‘ಚಾರು’, ಮರಾಠಿಯ ‘ಸಾರ್’ ಇವುಗಳ ಮನೆಗಳಲ್ಲಿಯೂ ಇದೇ ನಡೆದಿದೆ.

ಬದನೆಕಾಯಿಯ ವಿಷಯ ಸ್ವಲ್ಪ ಭಿನ್ನ. ಅದು ಈ ನೆಲದ ಕಾಯಿಯೇ. ಬಹುಬೀಜವೆಂಬ ಕಾರಣದಿಂದ ಕಟ್ಟುನಿಟ್ಟಿನ ಜೈನ ಆಹಾರನಿಯಮಗಳು ಬದನೆಯನ್ನು ವರ್ಜ್ಯವೆನ್ನುತ್ತವೆ. ಆದರೆ ಜೈನನಾದ ಮಂಗರಸ ಬದನೆಯ ಪಾಕಗಳನ್ನು ಬಹಳ ಉತ್ಸಾಹದಿಂದ ವಿವರಿಸುತ್ತಾನೆ. ನಿಯಮಗ್ರಂಥವೊಂದನ್ನೇ ಆಧಾರವಾಗಿಟ್ಟುಕೊಂಡು ಒಂದು ಸಮುದಾಯದ ಊಟವನ್ನು ಚಿತ್ರಿಸುವುದು ಎಷ್ಟು ಅಪಾಯಕರವೆಂಬುದನ್ನು ಇದು ಸೂಚಿಸುತ್ತದೆ. ಉಡುಪಿಯ ಬಳಿಯ ಮಟ್ಟುವಿನ ಗುಳ್ಳವನ್ನು ವಾದಿರಾಜರ ಅನುಗ್ರಹವೆಂದು ಹೇಳುವ ಐತಿಹ್ಯವನ್ನೂ ಇಲ್ಲಿ ನೆನೆಯಬಹುದು. ಧಾನ್ಯ, ಕಾಯಿಗಳಿಗೆ ಕಥೆಯ ಮೂಲಕ ಮರ್ಯಾದೆಯನ್ನು ತಂದುಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಯು ಭತ್ತವನ್ನು ಗೆದ್ದು ರಾಮನ ಮನ್ನಣೆಯನ್ನು ಪಡೆಯುತ್ತದೆ. ಊಟದ ಎಲೆಯ ಮೇಲಿನ ಶ್ರೇಣಿ ಸಮಾಜದ ಶ್ರೇಣಿಯೂ ಹೌದೆಂಬುದನ್ನು ಆ ಕೃತಿ ಬಲ್ಲದು.

೬

ಹೊಸರುಚಿಯ ಮೂರನೆಯ ಕಾರಣ ಅಭಾವ ಮತ್ತು ವಲಸೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದುದಾಗಿ ಹೇಳಿಕೊಂಡಿದೆ. ಈ ಹೇಳಿಕೆಯನ್ನು ಸ್ವೀಕರಿಸಿದರೆ ಚರಿತ್ರೆಯ ಒಂದು ಸುತ್ತು ಪೂರ್ಣವಾದಂತೆ ತೋರುತ್ತದೆ. ಅಕ್ಕಿಯಿಲ್ಲದೆ ಹೊರಟ ಇಡ್ಡಲಿಗೆ, ನಡುವೆ ಅಕ್ಕಿಯನ್ನು ಪಡೆದು, ಒಂಬೈನೂರು ವರ್ಷಗಳ ಮೇಲೆ ಇನ್ನೊಮ್ಮೆ ಅಕ್ಕಿಯಿಲ್ಲದ ಇಡ್ಲಿಯಾಯಿತು. ರವೆಇಡ್ಲಿಯನ್ನು ಇಡ್ಲಿಯಲ್ಲವೆನ್ನುವವನು ಚಾವುಂಡರಾಯನದನ್ನೂ ಅಲ್ಲವೆನ್ನಬೇಕಾಗುತ್ತದೆ.

ಉಡುಪಿಯ ಕಡೆಯ ಅಡುಗೆಯವರು ನಾಡಿನ ಹೊರಗೆ ಕಟ್ಟಿದ ಊಟದ ಮನೆಗಳ ಚರಿತ್ರೆ ಹೆಚ್ಚು ಪರಿಚಿತ. ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ತೆರೆದ ವುಡ್‌ಲ್ಯಾಂಡ್ಸ್, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಇವು ಎಲ್ಲರೂ ಬಲ್ಲ ಹೆಸರುಗಳು. ಇವುಗಳ ಮೂಲಕ ‘ಉಡುಪಿ’ ಎಂಬ ಊರ ಹೆಸರು ಒಂದು ಬಗೆಯ ಊಟದ ಹೆಸರಾಯಿತು. ಮುಂಬಯಿಯ ಹೋಟೆಲುಗಳಲ್ಲಿ ಕೆಂಪು ಚಟ್ನಿ ಸವರಿದ ದೋಸೆ ‘ಮೈಸೂರು’ ಎಂಬ ವಿಶೇಷಣದಿಂದ ಮೆರೆಯುತ್ತಿದೆ. ಹಿಮ್ಮುಖವಾದ ಪ್ರಯಾಣವೂ ಉಂಟು. ‘ವಾಂಗಿ’, ‘ಭಾತ್’ ಎರಡೂ ಮರಾಠಿಯ ಶಬ್ದಗಳು. ಆದರೂ ವಾಂಗಿಭಾತನ್ನು ಹಳೆಯ ಮೈಸೂರಿನವರು ತಮ್ಮದೆಂದೇ ಎಣಿಸುತ್ತಾರೆ. ಬಿಸಿಬೇಳೆಭಾತಿನಲ್ಲಿ ‘ಬಿಸಿಬೇಳೆ’ ಕನ್ನಡ, ‘ಭಾತ್’ ಮರಾಠಿ. ಮಾನಸೋಲ್ಲಾಸದ ‘ಮಂಡಕ’ವು ಬೆಳಗಾವಿಯಲ್ಲಿ ಮಂಡಿಗೆಯಾಗಿ, ಮಹಾರಾಷ್ಟ್ರದಲ್ಲಿ ಮಾಂಡೆಯಾಗಿ ಉಳಿದಿದೆ. ಇದನ್ನು ಯಾವ ಒಂದು ರಾಜ್ಯದ ಸೊತ್ತೆಂದು ಹೇಳಲಾದೀತು?

ಹೋಟೆಲಿನ ಚರಿತ್ರೆಗೆ ಹೆಸರುಗಳೂ ವರ್ಷಗಳೂ ಇವೆ. ಮನೆಯಡುಗೆಯ ಚರಿತ್ರೆಗೆ ಅವಿಲ್ಲ. ಈ ಕೊರತೆಗೆ ಒಂದು ಅಪವಾದವಾಗಿ ‘ರಸಚಂದ್ರಿಕಾ’ವನ್ನು ಹೇಳಬಹುದು. ಕನ್ನಡ ಜಿಲ್ಲೆಗಳಿಂದ ಮುಂಬಯಿಗೆ ಹೋದ ಸಾರಸ್ವತ ಕುಟುಂಬಗಳ ಮಹಿಳೆಯರು ತಮ್ಮ ಸಮಾಜದ ಮೂಲಕ ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ಈ ಪುಸ್ತಕ, ಊರಿನ ಪಾಕಗಳನ್ನು ನಗರದ ಮನೆಗೆ ಹೊಂದಿಸಿಕೊಂಡ ಬಗೆಗೆ ಲಿಖಿತ ಸಾಕ್ಷಿ. ಇಂಥದು ಅಚ್ಚಾಗದೆ ಉಳಿದಿರುವುದೇ ಹೆಚ್ಚು. ಊರಿನಿಂದ ದೂರ ಹೋದ ಹೆಣ್ಣುಮಕ್ಕಳು ತಾಯಿ, ಅತ್ತೆಯರಿಂದ ಕೇಳಿ ಬರೆದಿಟ್ಟುಕೊಂಡ ಅಡುಗೆಯ ಪುಸ್ತಕಗಳು ಅನೇಕ ಮನೆಗಳಲ್ಲಿವೆ. ಪಾವು, ಚಟಾಕುಗಳ ಅಳತೆ ಗ್ರಾಮಿಗೆ ತಿರುಗಿದುದು, ಅಮಟೆಕಾಯಿ ಸಿಗದೆ ನಿಂಬೆ ಬಂದುದು, ಒರಳಿನ ಬದಲು ಯಂತ್ರ ಬಂದಾಗ ಹಿಟ್ಟಿನ ಹದವನ್ನು ತಿದ್ದಿದುದು, ಪಕ್ಕದ ಮನೆಯವರಿಂದ ಕಲಿತ ಪದಾರ್ಥದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡುದು, ಇವೆಲ್ಲ ಬದಲಾವಣೆಗಳು ದಾಖಲಾಗುವುದು ಅಲ್ಲಿಯೇ.

೭

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳನ್ನು ಹೇಳಬಹುದು. ಒಂದು: ಹಳೆಯ ಗ್ರಂಥದ ತಿಂಡಿಯ ಹೆಸರನ್ನು ಇಂದಿನ ತಿಂಡಿಯೊಡನೆ ಸಮೀಕರಿಸುವ ಮುನ್ನ ಪದಾರ್ಥ, ವಿಧಾನಗಳೆರಡನ್ನೂ ಹೋಲಿಸಬೇಕು. ಎರಡು: ಪದಾರ್ಥಗಳ ಆಗಮನದ ಚರಿತ್ರೆಯು ಕೃತಿಗಳ ಕಾಲವನ್ನೂ ಪ್ರಕ್ಷೇಪಗಳನ್ನೂ ಪರೀಕ್ಷಿಸಲು ನೆರವಾಗುವ ಸ್ವತಂತ್ರ ಪ್ರಮಾಣ. ಮೂರು: ತಮಿಳು, ತೆಲುಗು, ಮರಾಠಿಗಳ ಅಡುಗೆಯ ಶಬ್ದಗಳನ್ನು ಬಿಟ್ಟು ಕನ್ನಡದ್ದನ್ನು ಮಾತ್ರ ನೋಡಿದರೆ ಚಿತ್ರ ಅಪೂರ್ಣವಾಗುತ್ತದೆ, ಹೊರನಾಡಿನ ಸಂಶೋಧಕರಿಗೆ ಈ ತೌಲನಿಕ ಕೆಲಸಕ್ಕೆ ಒಳನಾಡಿನವರಿಗಿಂತ ಹೆಚ್ಚಿನ ಅನುಕೂಲವಿದೆ. ನಾಲ್ಕು: ಹೊರನಾಡಿನ ಕನ್ನಡ ಮನೆಗಳ ಕೈಬರಹದ ಅಡುಗೆ ಪುಸ್ತಕಗಳನ್ನು ಹಸ್ತಪ್ರತಿಗಳಂತೆಯೇ ಭಾವಿಸಿ, ಒಡೆಯರ ಒಪ್ಪಿಗೆ ಪಡೆದು, ಪ್ರತಿಮಾಡಿಸಿ, ಸೂಚಿಯನ್ನು ಸಿದ್ಧಪಡಿಸುವ ಕಾರ್ಯ ನಮ್ಮ ಅಧ್ಯಯನ ಪೀಠಗಳಿಂದ ಆಗಬೇಕು. ಓಲೆಗರಿಗಳಿಗೆ ಹುಳುವಿನ ಭಯ. ಈ ಪುಸ್ತಕಗಳಿಗೆ ಎಣ್ಣೆಯ ಕಲೆ, ಮನೆ ಬದಲಾವಣೆ, ಕನ್ನಡ ಓದಲು ಬಾರದ ಮುಂದಿನ ತಲೆಮಾರು ಇವುಗಳ ಭಯ. ಮಂಗರಸನ ಕಾಲದ ಗೃಹಿಣಿಯರು ಬರೆದಿಡಲಿಲ್ಲ; ಅವರ ರುಚಿಯನ್ನು ನಾವು ಅವನ ಮೂಲಕವೇ ಊಹಿಸಬೇಕಾಗಿದೆ. ನಮ್ಮ ಕಾಲದವರು ಬರೆದಿಟ್ಟಿದ್ದಾರೆ. ಅದನ್ನು ಓದುವ ಕೆಲಸ ಬೇಗ ಆರಂಭವಾಗಬೇಕು.